ಚುಕ್ಕಾಣಿ ಯಾರ ಕೈಯಲ್ಲಿ?

ವೃದ್ಧಾಶ್ರಮದಲ್ಲಿರುವ ತಾಯ್ತಂದೆಯರನ್ನು ದೂರದ ಮಕ್ಕಳೊಡನೆ ಬೆಸೆಯಲು ‘ಟೆಲಿಪ್ರೆಸೆನ್ಸ್ ರೋಬಾಟ್’ ಎಂಬ ಯಂತ್ರಗಳು ಬಂದಿವೆ. ಸ್ವೀಡನ್ನಿನ ‘ಜಿರಾಫ್’ ಅಂಥದೊಂದು: ಚಕ್ರಗಳ ಪೀಠ, ನೀಳವಾದ ಕತ್ತು, ಅದರ ತುದಿಯಲ್ಲಿ ಪರದೆ ಮತ್ತು ಕ್ಯಾಮೆರಾ. ಐರೋಪ್ಯ ಒಕ್ಕೂಟದ ಯೋಜನೆಯೊಂದು 2010ರಿಂದ ಅದನ್ನು ಸ್ವೀಡನ್, ಇಟಲಿ, ಸ್ಪೇನ್‌ಗಳಲ್ಲಿ ವೃದ್ಧರ ನಡುವೆ ಪರೀಕ್ಷಿಸಿತು. ಮಗನು ತನ್ನ ಊರಿನಲ್ಲಿಯೇ ಕುಳಿತು, ಕಂಪ್ಯೂಟರಿನ ಮೂಲಕ ಅದನ್ನು ನಡೆಸುತ್ತಾ ತಾಯಿಯ ಕೋಣೆಗೆ ಬರಬಹುದು.

‘ಏನೂ ಇಲ್ಲದಿರುವುದಕ್ಕಿಂತ ಇದಾದರೂ ಮೇಲಲ್ಲವೇ?’ ಎನ್ನುವವರುಂಟು. ನಡುಗುವ ಕೈಯಲ್ಲಿ ಫೋನು ಹಿಡಿದಿರುವ ಕಷ್ಟ ತಪ್ಪುತ್ತದೆ, ನಿಜ. ಆದರೆ ಚುಕ್ಕಾಣಿ ಯಾರ ಕೈಯಲ್ಲಿದೆ? ಬರುವವನು ಮಗ, ಸುತ್ತ ನೋಡುವವನು ಮಗ, ಹೊರಡುವವನೂ ಮಗ. ಕರೆಯನ್ನು ಒಪ್ಪುವ ಗುಂಡಿಯಿದ್ದರೂ, ಮರೆವಿನ ರೋಗವಿರುವ ತಾಯಿಯ ಪರವಾಗಿ ಅದನ್ನು ಒತ್ತುವವರು ಸಿಬ್ಬಂದಿ. ಪಕ್ಕದ ಹಾಸಿಗೆಯಾಕೆ ಉಡುಪು ಸರಿಪಡಿಸಿಕೊಳ್ಳುತ್ತಿದ್ದರೆ, ಆಕೆಯ ಒಪ್ಪಿಗೆ ಕೇಳುವವರು ಯಾರು? ಈ ಯಂತ್ರಕ್ಕೆ ಕೈಗಳಿಲ್ಲ. ಬಿದ್ದ ಲೋಟವನ್ನು ಎತ್ತಿಕೊಡಲು ಮನುಷ್ಯರೇ ಬೇಕು. ಆದುದರಿಂದ ಯಂತ್ರ ಬಂದಿತೆಂದು ಆಶ್ರಮದವರು ಒಬ್ಬ ಆಯಾಳನ್ನು ಕಡಿಮೆ ಮಾಡಿದರೆ ಅದು ಶುದ್ಧ ಅನ್ಯಾಯ.

ಇದು ನಿಜವಾಗಿಯೂ ಬಾಂಧವ್ಯದ ಸಾಧನವಾದರೆ, ಯಂತ್ರವನ್ನು ಮಗನ ಮನೆಯಲ್ಲಿಡಿ. ಚುಕ್ಕಾಣಿಯನ್ನು ತಾಯಿಗೆ ಕೊಡಿ. ಆಕೆ ತನಗೆ ಬೇಕೆನಿಸಿದಾಗ ಅವನ ಅಡುಗೆಮನೆಗೆ ಹೋಗಲಿ, ಮೊಮ್ಮಗಳು ಓದುವ ಮೇಜಿನ ಬಳಿ ನಿಲ್ಲಲಿ. ‘ಅದು ಹೇಗೆ ಸಾಧ್ಯ, ನಮ್ಮ ಖಾಸಗಿತನ?’ ಎಂದು ನೀವು ಕೇಳುವಿರಾದರೆ, ಅದೇ ಖಾಸಗಿತನ ಆಕೆಗೂ ಉಂಟು.

ದೂರದೇಶಗಳಲ್ಲಿರುವ ನನ್ನ ಶಿಷ್ಯರೇ, ಯಂತ್ರವನ್ನು ಬೇಡವೆನ್ನುತ್ತಿಲ್ಲ. ಕೊಳ್ಳುವ ಮುನ್ನ ತಾಯಿಯನ್ನು ಕೇಳಿ. ಕೊಂಡ ಮೇಲೆಯೂ ವಿಮಾನದ ಟಿಕೆಟನ್ನು ರದ್ದು ಮಾಡಬೇಡಿ.