‘ಯಾಡಿ’ ಅಂದ್ರೆ ತಪ್ಪೇನ್ರಿ?

ನಮ್ಮ ಲಿಂಗಸುಗೂರು ತಾಲ್ಲೂಕಿನ ಒಂದು ತಪಾಸಣಾ ಶಿಬಿರ. ಓದು ಮುಗಿಸಿ ಆರು ತಿಂಗಳೂ ಆಗದ ಸ್ಪೀಚ್ ಥೆರಪಿಸ್ಟ್ ಹುಡುಗಿ ತಾಂಡಾದ ನಾಲ್ಕು ವರ್ಷದ ಮಗುವಿಗೆ ಚಿತ್ರದ ಕಾರ್ಡ್ ತೋರಿಸುತ್ತಿದ್ದಳು. ತಾಯಿಯ ಚಿತ್ರ ನೋಡಿ ಮಗು ‘ಯಾಡಿ’ ಅಂತು. ಮುಂದಿನ ಮಗು ಈರುಳ್ಳಿ ನೋಡಿ ‘ಉಳ್ಳಾಗಡ್ಡಿ’ ಅಂತು. ಸರಿ ಹಾಕಬೇಕೋ ತಪ್ಪು ಹಾಕಬೇಕೋ ತಿಳಿಯದೆ ಆಕೆ ಪೆನ್ನು ಹಿಡಿದು ಕೂತಳು. ‘ಕಾಲೇಜಲ್ಲಿ ಪಾಸಾದೆ ಸರ್, ಇಲ್ಲಿ ಫೇಲಾದ ಹಾಗನ್ಸುತ್ತೆ’ ಅಂತ ಆಮೇಲೆ ನನಗೆ ಹೇಳಿದಳು.

ಅಲ್ಲೇ ಇದ್ದ ಹಿರಿಯರೊಬ್ಬರು, ‘ಈಗಿನ ಹುಡುಗರಿಗೆ ಏನೂ ಬರಂಗಿಲ್ಲ ಬಿಡ್ರಿ’ ಎಂದರು. ನಾನು ಒಪ್ಪೋದಿಲ್ಲ. ಕೊರತೆ ಆಕೆಯದಲ್ಲ, ಆಕೆಯನ್ನು ತಯಾರು ಮಾಡಿದ ರೀತಿಯದು.

ಬಿ.ಎ.ಎಸ್.ಎಲ್.ಪಿ. ಪದವಿ ನಾಲ್ಕು ವರ್ಷ, ಅದರಲ್ಲಿ ಕೊನೆಯದು ಇಂಟರ್ನ್‌ಶಿಪ್. ಅಷ್ಟರಲ್ಲೇ ಕಿವಿಯ ಪರೀಕ್ಷೆ, ಮಕ್ಕಳ ಮಾತು, ತೊದಲು, ಲಕ್ವಾ ಹೊಡೆದವರಿಗೆ ನುಂಗುವ ತರಬೇತಿ ಎಲ್ಲ ಕಲಿಯಬೇಕು. ನುಂಗುವಾಗ ನೀರು ಶ್ವಾಸನಾಳಕ್ಕೆ ಹೋದರೆ ನ್ಯುಮೋನಿಯಾ ಆಗಿ ಜೀವಕ್ಕೇ ಕುತ್ತು. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಂಥ ಕಡೆ ಸದ್ದು ಬಾರದ ಕೋಣೆ ಇರುತ್ತದೆ, ತಪ್ಪಿದರೆ ತಿದ್ದೋಕೆ ಪಕ್ಕದಲ್ಲೇ ಹಿರಿಯರು ಇರುತ್ತಾರೆ. ಇಲ್ಲಿ ಫ್ಯಾನಿನ ಗಡಗಡ, ಹೊರಗೆ ಟಂಟಂ ಹಾರ್ನ್, ಆಕೆ ಒಬ್ಬಳೇ. ಬಾವಿಯಲ್ಲಿ ಈಜು ಕಲಿಸಿ ತುಂಬಿದ ಕೃಷ್ಣಾ ಹೊಳೆಗೆ ದಬ್ಬಿದ ಹಾಗೆ.

ಭಾಷೆಯದು ಇನ್ನೂ ದೊಡ್ಡ ಸಂಕಟ. ನಮ್ಮಲ್ಲಿ ಲಂಬಾಣಿ, ಉರ್ದು, ತೆಲುಗು. ಸಿಂಧನೂರಿನ ಕ್ಯಾಂಪುಗಳಿಗೆ ಹೋದರೆ ಬಂಗಾಳಿ. ಸರಿಯಾಗಿ ಮಾತಾಡುವ ಮಗುವಿಗೆ ‘ಮಾತು ಹಿಂದಿದೆ’ ಅಂತ ಚೀಟಿ ಬರೆದರೆ ತಪ್ಪು. ನಿಜವಾಗಿ ಹಿಂದಿರುವ ಮಗುವನ್ನು ‘ಕನ್ನಡ ಬರೋದಿಲ್ಲ, ಅಷ್ಟೇ’ ಅಂತ ವಾಪಸ್ ಕಳಿಸಿದರೆ ಅದಕ್ಕಿಂತ ದೊಡ್ಡ ತಪ್ಪು. ಮಾತು ಕಲಿಯುವ ವಯಸ್ಸು ಕಾಯೋದಿಲ್ಲ.

ಇಂಟರ್ನ್‌ಶಿಪ್‌ನ ಮೂರು ತಿಂಗಳನ್ನಾದರೂ ಕಲ್ಯಾಣ ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾಡಿಸಿ. ಉಳಿಯೋಕೆ ಕೋಣೆ ಕೊಡಿ, ವಾರಕ್ಕೊಮ್ಮೆ ಹಿರಿಯ ಥೆರಪಿಸ್ಟ್ ಬಂದು ಕೂರಲಿ. ಕಾರ್ಡಿನ ಪದಗಳನ್ನು ತಾಂಡಾದ ತಾಯಂದಿರು, ಅಂಗನವಾಡಿ ಕಾರ್ಯಕರ್ತೆಯರನ್ನು ಕೂರಿಸಿಕೊಂಡು ಬರೆಯಿರಿ. ಅದಕ್ಕೇನು ಕೋಟಿ ಬೇಕಾಗಿಲ್ಲ.

‘ಯಾಡಿ’ ಅಂದ ಮಗುವನ್ನು ರಾಯಚೂರಿಗೆ ಕರೆದೊಯ್ಯಲು ಹೇಳಿದ್ದಾರೆ. ಸುಮಾರು 90 ಕಿ.ಮೀ., ಒಂದು ದಿನದ ಕೂಲಿ ಹೋಯಿತು. ತಾಯಿ ನನ್ನನ್ನು ಕೇಳಿದ್ದು ಒಂದೇ: ‘ಅಲ್ಲಿರೋರಿಗೆ ನಮ್ಮ ಮಾತು ಬರ್ತದೇನ್ರಿ?’