ಗೋಧಿಗೆ ರಂಜಕ ಬೇಕಾದ ಆ ಮೂರು ವಾರ

ಹರಿಯಾಣದ ಕರ್ನಾಲ್, ಕುರುಕ್ಷೇತ್ರ ಕಡೆ ಕೃಷಿ ಸಾಲದ ಕಡತ ಹಿಡಿದು ಓಡಾಡುವುದು ನನ್ನ ಉದ್ಯೋಗ. ಧಾರವಾಡದಲ್ಲಿ ಕೃಷಿ ಪದವಿ ಮುಗಿಸಿ, ಬ್ಯಾಂಕ್ ಸೇರಿ ದೆಹಲಿಗೆ ಬಂದು ಹನ್ನೊಂದು ವರ್ಷವಾಯಿತು. ಅಕ್ಟೋಬರ್ ಕೊನೆ ಬಂತೆಂದರೆ ಇಲ್ಲಿನ ರೈತರ ಬಾಯಲ್ಲಿ ಒಂದೇ ಮಾತು: ಡಿಎಪಿ ಬಂತೇ? 2024ರ ಹಿಂಗಾರಿನಲ್ಲಂತೂ ಹರಿಯಾಣ, ಪಂಜಾಬ್, ಮಧ್ಯಪ್ರದೇಶಗಳಲ್ಲಿ ಗೊಬ್ಬರದ ಅಂಗಡಿಗಳ ಮುಂದೆ ನಸುಕಿನಿಂದಲೇ ಸರದಿ ಸಾಲು. ಮುಂದೆ 2025ರ ಮುಂಗಾರಿನಲ್ಲಿ ಕೊಪ್ಪಳ, ಗದಗದ ರೈತರು ಯೂರಿಯಾಕ್ಕಾಗಿ ಹಾಗೆಯೇ ನಿಂತಾಗ, ಊರಿನ ಗೆಳೆಯರು ‘ಅಲ್ಲೂ ಇದೇ ಹಣೆಬರಹವಾ?’ ಎಂದು ಕೇಳಿದರು. ಸಾಲು ಒಂದೇ ರೀತಿ ಕಂಡರೂ ಗೋಧಿಯ ಮಟ್ಟಿಗೆ ಈ ಎರಡು ಕೊರತೆಗಳ ಸ್ವಭಾವ ಬೇರೆ ಬೇರೆ. ಸರ್ಕಾರದ ಲೆಕ್ಕಪತ್ರದಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಗೋಧಿಗೆ ಸಾರಜನಕವನ್ನು ಕಂತಿನಲ್ಲಿ ಕೊಡಬಹುದು. ಬಿತ್ತುವಾಗ ಒಂದಿಷ್ಟು, ಸುಮಾರು 21ನೇ ದಿನ ಮೊದಲ ನೀರು ಬಿಡುವಾಗ ಮತ್ತಷ್ಟು. ನಾಲ್ಕು ದಿನ ತಡವಾದರೂ ಬೆಳೆ ತಾಳಿಕೊಳ್ಳುತ್ತದೆ. ರಂಜಕ ಹಾಗಲ್ಲ. ಅದು ಮಣ್ಣಿನಲ್ಲಿ ಬಿದ್ದ ಜಾಗ ಬಿಟ್ಟು ಹೆಚ್ಚು ಕದಲುವುದಿಲ್ಲ. ಇಲ್ಲಿನ ಸುಣ್ಣದ ಅಂಶವಿರುವ ಮಣ್ಣಿನಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿಯಾಗಿ ಕೂತುಬಿಡುತ್ತದೆ. ಹಾಗಾಗಿ ಬೀಜದ ಜೊತೆಗೇ, ಕೂರಿಗೆಯಲ್ಲೇ, ಎಳೆಯ ಬೇರಿಗೆ ಸಿಗುವಂತೆ ಇಳಿಯಬೇಕು. ಬೇರು ಇಳಿಯುವುದು, ತೆಂಡೆ ಒಡೆಯುವುದು ಎರಡಕ್ಕೂ ಅದೇ ಆಧಾರ. ಡಿಸೆಂಬರ್‌ನಲ್ಲಿ ತಂದು ಮೇಲೆ ಎರಚಿದರೆ ಗೋಧಿಗೆ ಅದರ ಪ್ರಯೋಜನ ಹೆಚ್ಚೇನೂ ಸಿಗದು.

ಬಿತ್ತನೆಗೆ ಸಿಗುವ ಸಮಯವೂ ಕಡಿಮೆ. ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಮೂರನೇ ವಾರದವರೆಗೆ. ಡಿಎಪಿಗಾಗಿ ಕಾದು ತಡವಾಗಿ ಬಿತ್ತಿದರೆ ಕಾಳು ತುಂಬುವ ಹೊತ್ತಿಗೆ ಮಾರ್ಚಿನ ಬಿಸಿಲು. ಆ ಬಿಸಿಲು ಏನು ಮಾಡಬಲ್ಲದು ಎಂಬುದನ್ನು 2022ರಲ್ಲಿ ನೋಡಿದ್ದೇವೆ. ಕಾಳು ಜೊಳ್ಳಾಗಿ, ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಗೋಧಿ ರಫ್ತನ್ನೇ ನಿಲ್ಲಿಸಿತು. ಕಾಯದೆ ಡಿಎಪಿ ಇಲ್ಲದೆ ಬಿತ್ತಿದರೆ ಬೇರು ಬಡವಾಗುತ್ತದೆ. ರೈತ ಸಿಕ್ಕಿಬೀಳುವುದು ಈ ಇಕ್ಕಟ್ಟಿನಲ್ಲಿ. ‘ಹಂಗಾಮಿಗೆ ಒಟ್ಟಾರೆ ದಾಸ್ತಾನು ಸಾಕಷ್ಟಿದೆ’ ಎಂಬ ಹೇಳಿಕೆ ಅವನಿಗೆ ಯಾವ ಸಮಾಧಾನ ಕೊಟ್ಟೀತು? ನವೆಂಬರ್ 25ಕ್ಕೆ ಬರುವ ರೈಲು ವ್ಯಾಗನ್ ಲೆಕ್ಕಕ್ಕೆ ಸೇರುತ್ತದೆ, ಹೊಲಕ್ಕೆ ಸೇರುವುದಿಲ್ಲ.

ಆಗ ಅವನು ಮಾಡುವುದೇನು? ಯೂರಿಯಾ ಹೆಚ್ಚಿಗೆ ಹಾಕುತ್ತಾನೆ. ಇದನ್ನು ಅಜ್ಞಾನ ಎನ್ನಲು ನನಗೆ ಮನಸ್ಸಿಲ್ಲ. ಸಾರಜನಕ ಕಮ್ಮಿಯಾದರೆ ಎಲೆ ಹಳದಿಯಾಗಿ ಕಣ್ಣಿಗೆ ಹೊಡೆಯುತ್ತದೆ, ಯೂರಿಯಾ ಬಿದ್ದ ಕೆಲವೇ ದಿನಗಳಲ್ಲಿ ಹಸಿರಾಗುತ್ತದೆ. ರಂಜಕದ ಕೊರತೆಯಲ್ಲಿ ಎಲೆ ಕಡುಹಸಿರಾಗಿಯೇ ಇರಬಹುದು. ಗಿಡ ಗಿಡ್ಡ, ತೆಂಡೆ ಕಡಿಮೆ, ಅಷ್ಟೆ. ಅದು ಗೊತ್ತಾಗುವ ಹೊತ್ತಿಗೆ ಮಾಡಲು ಏನೂ ಉಳಿದಿರುವುದಿಲ್ಲ.

ಬೆಲೆಯೂ ಅದೇ ದಿಕ್ಕಿಗೆ ತಳ್ಳುತ್ತದೆ. 45 ಕೆ.ಜಿ. ಯೂರಿಯಾ ಚೀಲಕ್ಕೆ ಬೇವಿನ ಲೇಪನ, ತೆರಿಗೆ ಸೇರಿ ಸುಮಾರು 266 ರೂಪಾಯಿ. ಅದರಲ್ಲಿ ಶೇ 46 ಸಾರಜನಕ. ಅಂದರೆ ಕಿಲೋಗೆ 13 ರೂಪಾಯಿಯೊಳಗೆ. 1,350 ರೂಪಾಯಿಯ ಡಿಎಪಿ ಚೀಲದಲ್ಲಿರುವ 9 ಕೆ.ಜಿ. ಸಾರಜನಕದ ಬೆಲೆ ಕಳೆದರೆ, ಉಳಿದ 23 ಕೆ.ಜಿ. ರಂಜಕಕ್ಕೆ (ಗೊಬ್ಬರದ ಲೆಕ್ಕದಲ್ಲಿ ರಂಜಕದ ಪೆಂಟಾಕ್ಸೈಡ್) ಕಿಲೋಗೆ ಸುಮಾರು 53 ರೂಪಾಯಿ. ನಾಲ್ಕು ಪಟ್ಟು! 2010ರ ಏಪ್ರಿಲ್‌ನಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಬಂದಾಗ ಯೂರಿಯಾವನ್ನು ಹೊರಗಿಟ್ಟ ನಿರ್ಧಾರದ ಫಲ ಇದು. ಅಂದಿನಿಂದ ಯಾವ ಸರ್ಕಾರವೂ ಅದನ್ನು ಮುಟ್ಟುವ ಧೈರ್ಯ ಮಾಡಿಲ್ಲ.

ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಎಕರೆ ಗೋಧಿಗೆ 50 ಕೆ.ಜಿ. ಸಾರಜನಕ, 25 ಕೆ.ಜಿ. ರಂಜಕ. ಚೀಲದ ಲೆಕ್ಕದಲ್ಲಿ ಯೂರಿಯಾ ಎರಡು, ಡಿಎಪಿ ಒಂದಕ್ಕಿಂತ ತುಸು ಹೆಚ್ಚು. ನಾನು ನೋಡಿದ ಹೊಲಗಳಲ್ಲಿ ಯೂರಿಯಾ ಮೂರು ಚೀಲ ದಾಟುವುದು ಮಾಮೂಲು. ಹೆಚ್ಚಿದ ಸಾರಜನಕದಿಂದ ಎಲೆ ಸೊಂಪಾಗುತ್ತದೆ, ಗಿಡಹೇನು ಬರುತ್ತದೆ, ಹಳದಿ ತುಕ್ಕು ರೋಗ ಬೇಗ ಹರಡುತ್ತದೆ, ಮಾರ್ಚಿನಲ್ಲಿ ನೀರು ಬಿಟ್ಟ ಮೇಲೆ ಗಾಳಿ ಬೀಸಿದರೆ ಬೆಳೆ ಚಾಪೆ ಹಾಸಿದಂತೆ ಮಲಗುತ್ತದೆ. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗಿಡ್ಡ ತಳಿಯ ಬೀಜ ತರಿಸಿದ್ದೇ ಹಳೆಯ ಎತ್ತರದ ಗೋಧಿ ಗೊಬ್ಬರದ ಭಾರಕ್ಕೆ ಮಲಗುತ್ತಿತ್ತು ಎಂಬ ಕಾರಣಕ್ಕೆ. ಗಿಡ್ಡ ತಳಿಗೂ ಒಂದು ಮಿತಿ ಇದೆಯಲ್ಲ. ಹಿಮಾಚಲದ ಪಾಲಂಪುರದ ಆಮ್ಲೀಯ ಮಣ್ಣಿನಲ್ಲಿ ದಶಕಗಳಿಂದ ನಡೆದಿರುವ ಗೊಬ್ಬರ ಪ್ರಯೋಗದಲ್ಲಿ, ಬರೀ ಸಾರಜನಕ ಕೊಡುತ್ತ ಬಂದ ತಾಕಿನಲ್ಲಿ ಕೊನೆಗೆ ಇಳುವರಿಯೇ ನಿಂತುಹೋಯಿತು. ಹರಿಯಾಣದ ಮಣ್ಣು ಅಷ್ಟು ಬೇಗ ಸೋಲುವಂಥದ್ದಲ್ಲ ನಿಜ.

ಡಿಎಪಿಯ ಬಹುಪಾಲು ಹೊರಗಿನಿಂದ ಬರಬೇಕು. ಇಲ್ಲಿ ತಯಾರಾಗುವುದಕ್ಕೂ ಕಚ್ಚಾವಸ್ತು ವಿದೇಶದ್ದೇ. 2024ರಲ್ಲಿ ಚೀನಾ ರಫ್ತು ಬಿಗಿ ಮಾಡಿತು, ಕೆಂಪು ಸಮುದ್ರದ ಗಲಾಟೆಯಿಂದ ಹಡಗುಗಳು ಆಫ್ರಿಕಾ ಸುತ್ತಿ ಬಂದವು. ಕೇಂದ್ರ ಸರ್ಕಾರ ಟನ್ನಿಗೆ 3,500 ರೂಪಾಯಿ ವಿಶೇಷ ನೆರವು ಕೊಟ್ಟಿತು. ಬೆಲೆ ಏರದಂತೆ ತಡೆದದ್ದು ಸರಿ, ಆದರೆ ಹಣದಷ್ಟೇ ತಾರೀಖೂ ಮುಖ್ಯ. ಅಕ್ಟೋಬರ್ ಮೊದಲ ದಿನಕ್ಕೆ ಜಿಲ್ಲೆವಾರು ಎಷ್ಟು ಚೀಲ ಇದೆ ಎಂದು ಪ್ರಕಟಿಸಿದರೆ ಅರ್ಧ ಗಾಬರಿ ಇಳಿಯುತ್ತದೆ.

ಪರ್ಯಾಯ ಇಲ್ಲವೆಂದಲ್ಲ. ಮೂರು ಚೀಲ ಸಿಂಗಲ್ ಸೂಪರ್ ಫಾಸ್ಫೇಟ್ ಹಾಕಿದರೆ ಒಂದು ಚೀಲ ಡಿಎಪಿಯ ರಂಜಕ ಸಿಗುತ್ತದೆ, ಜೊತೆಗೆ ಗಂಧಕವೂ. ಗೋಧಿಗೆ ಸರಿಯಾಗಿ ರಂಜಕ ಕೊಟ್ಟ ಹೊಲದಲ್ಲಿ ನಂತರದ ಭತ್ತಕ್ಕೆ ಅದು ಬೇಡವೆಂದು ಅದೇ ವಿಶ್ವವಿದ್ಯಾಲಯ ಹೇಳುತ್ತದೆ. ನೀರು ನಿಂತ ಗದ್ದೆಯಲ್ಲಿ ಮಣ್ಣಿನ ರಂಜಕ ತಾನಾಗಿ ಬಿಡುಗಡೆಯಾಗುತ್ತದೆ. ಭತ್ತಕ್ಕೆ ಹಾಕುವುದನ್ನು ಉಳಿಸಿಕೊಂಡರೆ ನವೆಂಬರ್‌ನ ನೂಕುನುಗ್ಗಲು ಎಷ್ಟೋ ಕಡಿಮೆಯಾದೀತು.

ತೊಡಕು ಇನ್ನೊಂದಿದೆ. ನನ್ನ ಕಡತಗಳಲ್ಲಿ ಬರುವ ಹಲವರು ಉಳುವುದು ಬೇರೆಯವರ ಹೊಲ, ವರ್ಷದ ಠೇಕೆಯ ಮೇಲೆ. ಯೂರಿಯಾದ ಫಲ ಅದೇ ವರ್ಷ ಕೈಗೆ ಬರುತ್ತದೆ. ರಂಜಕದ ಒಂದು ಪಾಲು ಮಣ್ಣಿನಲ್ಲೇ ಉಳಿದು ಮುಂದಿನ ಬೆಳೆಗೆ ಸಿಗುತ್ತದೆ. ಆಗ ಆ ಹೊಲ ಯಾರ ಕೈಯಲ್ಲಿರುತ್ತದೋ. ನಾಲ್ಕು ಪಟ್ಟು ಬೆಲೆ ಕೊಟ್ಟು ಮುಂದಿನವನಿಗೆ ಮಣ್ಣು ತಯಾರು ಮಾಡೆಂದು ಠೇಕೆದಾರನಿಗೆ ಯಾವ ಬಾಯಲ್ಲಿ ಹೇಳುವುದು? ಮೂರು ವರ್ಷದ ಲಿಖಿತ ಠೇಕೆ ಇದ್ದರೆ ಅವನ ಲೆಕ್ಕವೇ ಬೇರೆ. ಈಗಿರುವುದು ಬಾಯಿಮಾತಿನ ಒಪ್ಪಂದ, ನಮ್ಮ ಅರ್ಜಿ ನಮೂನೆಯಲ್ಲಿ ಅದಕ್ಕೆ ಜಾಗವೂ ಇಲ್ಲ.