ಮಂಪರು ಪರೀಕ್ಷೆಯಾಚೆಗಿನ ಫೊರೆನ್ಸಿಕ್ ಸೈಕಾಲಜಿ

ಛಾಪಾ ಕಾಗದ ಹಗರಣದ ತೆಲಗಿ ಮಂಪರಿನಲ್ಲಿ ಮಾತಾಡಿದ ದೃಶ್ಯ ಟಿ.ವಿ.ಗಳಲ್ಲಿ ಬಿತ್ತರವಾದ ಕಾಲವದು. ಬೇರೆ ರಾಜ್ಯಗಳ ಪೊಲೀಸರೂ ಆರೋಪಿಗಳನ್ನು ಮಂಪರು ಪರೀಕ್ಷೆಗೆಂದು ಬೆಂಗಳೂರಿಗೆ ಕರೆತರುತ್ತಿದ್ದರು. 2010ರ ಮೇ 5ರಂದು ಕರ್ನಾಟಕದ್ದೇ ಸೆಲ್ವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಕಡಿವಾಣ ಹಾಕಿತು. ಒಪ್ಪಿಗೆಯಿಲ್ಲದೆ ಮಂಪರು, ಸುಳ್ಳುಪತ್ತೆ, ಬ್ರೇನ್ ಮ್ಯಾಪಿಂಗ್ ಯಾವುದನ್ನೂ ಮಾಡುವಂತಿಲ್ಲ.

ಆದರೂ ನ್ಯಾಯದಾನಕ್ಕೆ ನೆರವಾಗುವ ಮನೋವಿಜ್ಞಾನ, ಅಂದರೆ ಫೊರೆನ್ಸಿಕ್ ಸೈಕಾಲಜಿ ಎಂದೊಡನೆ ವಿದ್ಯಾರ್ಥಿಗಳ ಕಣ್ಣಿಗೆ ಕಟ್ಟುವುದು ಮಂಪರಿನ ಚುಚ್ಚುಮದ್ದು, ಇಲ್ಲವೇ ವೆಬ್ ಸರಣಿಯ ಹಂತಕ. ಈ ವಿದ್ಯೆಗೆ ನಿಜವಾದ ಕೆಲಸ ಇರುವುದು ಬೇರೆ ಕಡೆ.

ಹದಿನಾರು ದಾಟಿದ, ಹದಿನೆಂಟು ತುಂಬದ ಹುಡುಗನ ಮೇಲೆ ಘೋರ ಅಪರಾಧದ ಆರೋಪ ಬಂದರೆ, 2015ರ ಬಾಲನ್ಯಾಯ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಅವನ ಮಾನಸಿಕ ಸಾಮರ್ಥ್ಯ, ಪರಿಣಾಮದ ಅರಿವು ಎರಡನ್ನೂ ಅಳೆಯಬೇಕು. ಅವನನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಬೇಕೇ ಎಂಬುದು ಇದನ್ನೇ ಅವಲಂಬಿಸಿದೆ. ಬಾಲನ್ಯಾಯ ಮಂಡಳಿಯಲ್ಲಿ ಮಕ್ಕಳ ಮನೋವಿಜ್ಞಾನ ಓದಿದವರಿಲ್ಲದಿದ್ದರೆ ತಜ್ಞರ ನೆರವು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ ಹೇಳಿತು. ಅದೇ ವರ್ಷ ಮೇ ತಿಂಗಳಲ್ಲಿ, ಮರಣದಂಡನೆಯ ಪ್ರಕರಣಗಳಲ್ಲಿ ಅಪರಾಧಿಯ ಮಾನಸಿಕ ಮೌಲ್ಯಮಾಪನ ಆಗಬೇಕೆಂದಿತ್ತು.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ (ಪೋಕ್ಸೊ) ಪ್ರಕರಣದ ಸೂಕ್ಷ್ಮ ಇನ್ನೂ ಹೆಚ್ಚು. ‘ಅವನು ಮುಟ್ಟಿದನಲ್ವಾ?’ ಎಂದು ಕೇಳಿದರೆ ಮಗು ತಲೆಯಾಡಿಸಬಹುದು; ಆ ಉತ್ತರ ಪಾಟೀ ಸವಾಲಿನಲ್ಲಿ ನಿಲ್ಲುವುದು ಕಷ್ಟ. ‘ಆಮೇಲೆ ಏನಾಯ್ತು?’ ಎಂದು ಕೇಳಿ ಸುಮ್ಮನಿರಲು ತರಬೇತಿ ಬೇಕು. ಶಿವಮೊಗ್ಗ ಜಿಲ್ಲೆಯ ಹೊಸನಗರದ ಕಡೆಯ ಮಗು ಹವ್ಯಕ ಕನ್ನಡದಲ್ಲೋ ದೀವರ ಕನ್ನಡದಲ್ಲೋ ಹೇಳಿದ್ದನ್ನು ನೇರವಾಗಿ ಗ್ರಹಿಸಬಲ್ಲವರು ಸಿಕ್ಕರೆ ಮಧ್ಯೆ ಅರ್ಥ ಸೋರುವುದಿಲ್ಲ. ಸಾಗರ, ತೀರ್ಥಹಳ್ಳಿಯ ವಿದ್ಯಾರ್ಥಿಗಳಿಗೆ ಮಹಾನಗರದವರಿಗಿಲ್ಲದ ಅನುಕೂಲ ಇದು.

ಓದುವುದೆಲ್ಲಿ? ಮನೋವಿಜ್ಞಾನ ಪದವಿಗೆ ದೂರ ಹೋಗಬೇಕಿಲ್ಲ. ‘ಕಾಡಿನ ಬೆಂಕಿ’ ಚಿತ್ರದ ಮೂಲಕವೂ ನಾಡಿಗೆ ಪರಿಚಿತರಾದ ಮನೋವೈದ್ಯ ಡಾ. ಅಶೋಕ್ ಪೈ ಅವರ ಹೆಸರಿನ ಕಾಲೇಜು ಶಿವಮೊಗ್ಗದಲ್ಲೇ ಇದೆ. ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದಲ್ಲಿ ಫೊರೆನ್ಸಿಕ್ ಸೈಕಾಲಜಿಯಲ್ಲೇ ಎಂ.ಎಸ್ಸಿ. ಮಾಡಬಹುದು. ಅದರ ಕ್ಯಾಂಪಸ್ ಧಾರವಾಡಕ್ಕೂ ಬಂದಿದೆ. ಅಲ್ಲಿ ಯಾವ ಕೋರ್ಸ್‌ಗಳಿವೆ ಎಂಬುದನ್ನು ಪ್ರವೇಶ ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕು. ಆದರೆ ಬರೀ ಎಂ.ಎಸ್ಸಿ. ಮಾಡಿದ ಮಾತ್ರಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ, ನೋಂದಣಿ ಎರಡೂ ಬೇಕು. ಆನ್‌ಲೈನ್ ಸರ್ಟಿಫಿಕೇಟ್ ಕೋರ್ಸ್‌ಗೆ ಸಾವಿರಾರು ರೂಪಾಯಿ ಸುರಿಯುವ ಮುನ್ನ ಪೋಷಕರು ಈ ಮಾನ್ಯತೆ ಇದೆಯೇ ಎಂದು ವಿಚಾರಿಸಲಿ.

ಓದಿದವರಿಗೆ ಖಾಯಂ ಹುದ್ದೆಯೂ ಬೇಕಲ್ಲ. ಬಾಲನ್ಯಾಯ ಮಂಡಳಿ, ಪೋಕ್ಸೊ ನ್ಯಾಯಾಲಯ, ಕಾರಾಗೃಹ ಮೂರಕ್ಕೂ ಸೇರಿ ಜಿಲ್ಲೆಗೊಬ್ಬ ಪೂರ್ಣಾವಧಿ ಮನೋವಿಜ್ಞಾನಿಯನ್ನಾದರೂ ಸರ್ಕಾರ ನೇಮಿಸಬೇಕು. ಆರಂಭ ಶಿವಮೊಗ್ಗದಿಂದಲೇ ಆಗಲಿ.